ಅಳತೆಗೋಲು ಕೆಳಗಿಟ್ಟ ಪಂಡಿತಾ ರಮಾಬಾಯಿ

ಏಪ್ರಿಲ್ ಬಂತೆಂದರೆ ನಮ್ಮಂಥ ಐಟಿಯವರಿಗೆ ಅಪ್ರೈಸಲ್ ತಿಂಗಳು. ವಿಕ್ರೋಳಿಯ ಎಲ್‌ಬಿಎಸ್ ರಸ್ತೆಯ ಆಫೀಸುಗಳಲ್ಲಿ ಚಹಾದ ಹೊತ್ತಿನ ಮಾತೆಲ್ಲ ಒಂದೇ. ಯಾರಿಗೆ ಎಷ್ಟು ಪರ್ಸೆಂಟ್ ಹೈಕ್ ಬಂತು, ಯಾರು ಲೀಡ್ ಆದರು, ಯಾರು ಬೇರೆ ಕಡೆ ಆಫರ್ ಹಿಡಿದರು ಎಂಬುದೇ ಚರ್ಚೆ. ಸಂಜೆ ಮೊಬೈಲ್ ತೆರೆದರೆ ಎಂಟೆಕ್ ಬ್ಯಾಚಿನ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಒಬ್ಬ ಪೊವಾಯಿಯ ಫ್ಲ್ಯಾಟಿನ ಗೃಹಪ್ರವೇಶದ ಫೋಟೊ ಹಾಕಿರುತ್ತಾನೆ, ಇನ್ನೊಬ್ಬ ಟೊರೊಂಟೊದ ಹಿಮದಲ್ಲಿ ನಿಂತಿರುತ್ತಾನೆ. ಈ ಸಲ ನಮ್ಮ ಟೀಮಿನಲ್ಲಿ ನನಗಿಂತ ನಾಲ್ಕು ವರ್ಷ ಕಿರಿಯ ಹುಡುಗ ನನ್ನ ಲೀಡ್ ಆದ. ಅವನಿಗೆ ಮೊದಲ ದಿನ ಕೋಡ್ ತೋರಿಸಿಕೊಟ್ಟವನು ನಾನೇ. ಹುಡುಗ ಒಳ್ಳೆಯವನು, ಕೆಲಸಗಾರ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಏಪ್ರಿಲ್ ತಿಂಗಳಿಗೆ ನನ್ನ ಮಟ್ಟಿಗೆ ಇನ್ನೊಂದು ಅರ್ಥವೂ ಇದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತೀರಿಕೊಂಡದ್ದು 1922ರ ಏಪ್ರಿಲ್ 5ರಂದು. ನಾನು ಕಾರ್ಕಳ ಕಡೆಯವನು, ಕ್ರೈಸ್ತ ಮನೆತನದವನು. ಸಂಡೇ ಸ್ಕೂಲಿನಲ್ಲಿ ಈ ಹೆಸರು ಕೇಳಿಯೇ ಬೆಳೆದವನು. ಆದರೆ ಅವರ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಕೂತು ಓದಿದ್ದು ಮುಂಬೈಗೆ ಬಂದ ಮೇಲೆ. ಓದಿದಷ್ಟೂ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ತನ್ನನ್ನು ಇನ್ನೊಬ್ಬರ ಜೊತೆ ಅಳೆದು ನೋಡಿಕೊಳ್ಳಲು ಈ ಹೆಣ್ಣುಮಗಳಿಗೆ ಸಿಕ್ಕಷ್ಟು ಕಾರಣ ನಮ್ಮಲ್ಲಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ರಮಾಬಾಯಿಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಹತ್ತಿರದ ಮಾಳ. ಮನೆಮಾತು ಮರಾಠಿ, ಚಿತ್ಪಾವನ ಬ್ರಾಹ್ಮಣರ ಕುಟುಂಬ. ಹೆಂಗಸರು ಸಂಸ್ಕೃತ ಕಲಿಯಬಾರದೆಂದು ಹೇಳುತ್ತಿದ್ದ ಕಾಲದಲ್ಲಿ ಶಾಸ್ತ್ರಿಗಳು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಊರವರ ವಿರೋಧದ ನಡುವೆ ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ ಆಶ್ರಮ ಕಟ್ಟಿಕೊಂಡು ಇದ್ದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. ರಮಾ ಹುಟ್ಟಿದ್ದು ಅಲ್ಲಿ. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ಆಶ್ರಮ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಕೂಸನ್ನು ಘಟ್ಟದಿಂದ ಇಳಿಸಿದರು. ನಾವು ಕೆಲಸಕ್ಕೆಂದು ಇಪ್ಪತ್ತೆರಡನೇ ವಯಸ್ಸಿನಲ್ಲಿ ಊರು ಬಿಟ್ಟವರು. ರಮಾಬಾಯಿಯ ವಲಸೆ ಆರು ತಿಂಗಳಿಗೇ ಶುರುವಾಯಿತು.

ಮುಂದಿನ ವರ್ಷಗಳೆಲ್ಲ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದದ್ದೇ. ದೇವಸ್ಥಾನದ ಜಗಲಿಯಲ್ಲೋ ನದಿಯ ದಡದಲ್ಲೋ ಕೂತು ತಂದೆ ಪುರಾಣ ಓದುತ್ತಿದ್ದರು. ಕೇಳಿದವರು ಕೊಟ್ಟ ಕಾಣಿಕೆಯಲ್ಲಿ ಹೊಟ್ಟೆ ನಡೆಯುತ್ತಿತ್ತು. ರಮಾಗೆ ಸಂಸ್ಕೃತ ಕಲಿಸಿದ್ದು ತಾಯಿ. ಭಾಗವತದ ಸಾವಿರಾರು ಶ್ಲೋಕಗಳು ಹುಡುಗಿಗೆ ಬಾಯಿಪಾಠ. ಅಲೆದಾಟದಲ್ಲೇ ಕನ್ನಡ, ಹಿಂದುಸ್ತಾನಿ, ಬಂಗಾಳಿ ಮಾತುಗಳೂ ನಾಲಿಗೆಗೆ ಹತ್ತಿದವು. ಕೈಯಲ್ಲಿದ್ದದ್ದನ್ನೆಲ್ಲ ದಾನಧರ್ಮಕ್ಕೆ ಕೊಟ್ಟು ಮುಗಿಸಿದ್ದ ಕುಟುಂಬವದು. ದಕ್ಷಿಣದಲ್ಲಿ ಬರ ಬಿದ್ದಾಗ ಪುರಾಣ ಕೇಳಿ ಕಾಣಿಕೆ ಕೊಡುವವರೂ ಇಲ್ಲವಾದರು. ರಮಾಗೆ ಹದಿನಾರರ ಆಸುಪಾಸು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಉತ್ತರದ ಕಡೆ ನಡೆಯುತ್ತಲೇ ಹೋದರು.

1878ರಲ್ಲಿ ಕಲ್ಕತ್ತ ತಲುಪಿದಾಗ ಕತೆ ತಿರುಗಿತು. ಇಪ್ಪತ್ತು ವರ್ಷದ ಹುಡುಗಿ ನಿರರ್ಗಳವಾಗಿ ಸಂಸ್ಕೃತದಲ್ಲಿ ಮಾತಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. ಪರೀಕ್ಷಿಸಿ ನೋಡಿ ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಪತ್ರಿಕೆಗಳಲ್ಲಿ ಹೆಸರು ಬಂತು, ಸಭೆಗಳಿಗೆ ಕರೆ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಡೀ ದೇಶದಲ್ಲಿ ಟಾಪ್ ರೇಟಿಂಗ್. ಆದರೆ ಸುಖ ಉಳಿಯಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ನವೆಂಬರ್‌ನಲ್ಲಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಕಾಲರಾ ಗಂಡನನ್ನೂ ಕೊಂಡೊಯ್ದಿತು. ಇಪ್ಪತ್ತನಾಲ್ಕು ತುಂಬುವ ಮುನ್ನವೇ ವಿಧವೆ, ಕಂಕುಳಲ್ಲಿ ವರ್ಷ ತುಂಬದ ಕೂಸು.

ಅವರು ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣದ ಬಗ್ಗೆ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಮಹಿಳಾ ವೈದ್ಯರೂ ಶಿಕ್ಷಕಿಯರೂ ಬೇಕೆಂದು ವಾದಿಸಿದರು. ಬರೀ ವಾದ ಸಾಲದು, ತಾನೇ ವೈದ್ಯೆಯಾಗಬೇಕೆಂದು ನಿರ್ಧರಿಸಿ, ‘ಸ್ತ್ರೀಧರ್ಮ ನೀತಿ’ ಎಂಬ ತಮ್ಮ ಮರಾಠಿ ಪುಸ್ತಕದ ಮಾರಾಟದ ಹಣದಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು.

ಅಲ್ಲಿ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡರು. ಆ ಸನ್ಯಾಸಿನಿಯರು ಸಮಾಜ ಕೈಬಿಟ್ಟ ಹೆಂಗಸರಿಗಾಗಿ ಲಂಡನ್ನಿನಲ್ಲಿ ಆಸರೆಮನೆ ನಡೆಸುತ್ತಿದ್ದರು. ಬಿದ್ದವರನ್ನು ಅಸಹ್ಯಪಡದೆ ಮುಟ್ಟಿ ಎತ್ತುವ ಆ ಕೆಲಸ ರಮಾಬಾಯಿಯ ಮನಸ್ಸನ್ನು ತಟ್ಟಿತು. ಇದರ ಮೂಲ ಯಾವುದೆಂದು ವಿಚಾರಿಸಿದಾಗ, ಸಮಾರ್ಯದ ಹೆಂಗಸಿನ ಜೊತೆ ಬಾವಿಕಟ್ಟೆಯಲ್ಲಿ ಮಾತಾಡಿದ ಯೇಸುವಿನ ಕತೆ ತೋರಿಸಿದರು. 1883ರ ಸೆಪ್ಟೆಂಬರ್ 29ರಂದು ತಾಯಿ, ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಆದರೆ ಬಂದ ಉದ್ದೇಶ ಕೈಗೂಡಲಿಲ್ಲ. ರಮಾಬಾಯಿಗೆ ಕಿವಿಯ ತೊಂದರೆ ಇತ್ತು, ಅದು ಹೆಚ್ಚುತ್ತ ಹೋಯಿತು. ವೈದ್ಯಕೀಯ ಓದಿನ ಬಾಗಿಲು ಮುಚ್ಚಿತು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ಓದು ಮುಂದುವರಿಸಿದರು.

ಈ ಜಾಗದಲ್ಲಿ ನಾನು ಪ್ರತಿಸಲ ಓದು ನಿಲ್ಲಿಸುತ್ತೇನೆ. ಏಕೆಂದರೆ ಅದೇ ವರ್ಷಗಳಲ್ಲಿ ಅವರದೇ ಸಂಬಂಧಿ ಆನಂದಿಬಾಯಿ ಜೋಶಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಡಾಕ್ಟರಿಕೆ ಓದುತ್ತಿದ್ದರು. ವಯಸ್ಸಿನಲ್ಲಿ ರಮಾಬಾಯಿಗಿಂತ ಏಳು ವರ್ಷ ಚಿಕ್ಕವರು. ಮನೆಮಾತು ಒಂದೇ, ಗುರಿಯೂ ಒಂದೇ. ಒಬ್ಬರಿಗೆ ಡಿಗ್ರಿ, ಇನ್ನೊಬ್ಬರಿಗೆ ಕೈತಪ್ಪಿದ ಕನಸು. 1886ರ ಮಾರ್ಚ್‌ನಲ್ಲಿ ಆನಂದಿಬಾಯಿಗೆ ಎಂಡಿ ಪದವಿ ಕೊಡುವ ಸಮಾರಂಭವಿತ್ತು. ಅದನ್ನು ನೋಡಲೆಂದೇ ರಮಾಬಾಯಿ ಪುಟ್ಟ ಮಗಳನ್ನು ಕರೆದುಕೊಂಡು ಅಟ್ಲಾಂಟಿಕ್ ದಾಟಿದರು. ಬ್ಯಾಚ್‌ಮೇಟ್‌ನ ಪ್ರಮೋಷನ್‌ಗೆ ‘ಕಂಗ್ರಾಟ್ಸ್’ ಎಂದು ಎರಡು ಬೆರಳಲ್ಲಿ ಟೈಪ್ ಮಾಡಲು ಹಿಂದೆಮುಂದೆ ನೋಡುವ ನಮಗೆ, ಆ ಹಡಗಿನ ಪ್ರಯಾಣ ಎಷ್ಟು ದೂರದ್ದೆಂದು ಗೊತ್ತಾಗಬೇಕು. ಆನಂದಿಬಾಯಿ ಮರುವರ್ಷವೇ ಕ್ಷಯದಿಂದ ತೀರಿಕೊಂಡರು. 1887ರಲ್ಲಿ ರಮಾಬಾಯಿ ಹಿಂದೂ ಮೇಲ್ಜಾತಿಯ ಹೆಂಗಸರ ಸ್ಥಿತಿಗತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು.

ಆ ಪುಸ್ತಕ ಅಮೆರಿಕದಲ್ಲಿ ಓದುಗರನ್ನು ಗಳಿಸಿತು. ಬಾಸ್ಟನ್‌ನಲ್ಲಿ ಅವರ ಹೆಸರಿನದೇ ಸಂಘ ಹುಟ್ಟಿ, ಹತ್ತು ವರ್ಷ ಹಣ ಒದಗಿಸುವ ಭರವಸೆ ಕೊಟ್ಟಿತು. 1889ರ ಮಾರ್ಚ್ 11ರಂದು ನಮ್ಮ ಈ ಮುಂಬೈಯ ಚೌಪಾಟಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಅಲ್ಲಿ ಕಲಿತ ಮೊದಲ ವಿಧವೆ ಗೋದೂಬಾಯಿ. ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದ ಆನಂದಿಬಾಯಿ ಕರ್ವೆ ಎಂದರೆ ಇವರೇ. ಮರುವರ್ಷ ಸದನ ಪುಣೆಗೆ ಹೋಯಿತು.

ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿತ್ತು. ಹೆಸರು, ಸಂಸ್ಥೆ, ಹಣದ ಬೆಂಬಲ, ಹೊಸ ಧರ್ಮ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಒಳಗೆ ನೆಮ್ಮದಿ ಇರಲಿಲ್ಲ ಎಂದು ಅವರೇ ಮುಂದೆ 1907ರ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದಿತ್ತು. ಬೈಬಲ್ ಓದಿದ್ದರು, ಸಿದ್ಧಾಂತಗಳನ್ನು ವಾದಿಸಿ ಅರಗಿಸಿಕೊಂಡಿದ್ದರು. ಆದರೂ ತಾನಿನ್ನೂ ಅಷ್ಟು ಒಳ್ಳೆಯವಳಾಗಿಲ್ಲ, ದೇವರು ಒಪ್ಪುವಷ್ಟು ಸಾಧಿಸಿಲ್ಲ ಎಂಬ ಕೊರಗು ಹೋಗಿರಲಿಲ್ಲ.

ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮನುಷ್ಯ ಧರ್ಮ ಬದಲಿಸಬಹುದು, ಊರು ಬದಲಿಸಬಹುದು, ಕಂಪನಿ ಬದಲಿಸಬಹುದು. ಅಳೆಯುವ ಅಭ್ಯಾಸ ಮಾತ್ರ ಜೊತೆಗೇ ಬರುತ್ತದೆ. ಚರ್ಚಿನಲ್ಲೂ ನಾವು ಅಳೆಯುತ್ತೇವೆ. ಯಾರು ಹೆಚ್ಚು ಪ್ರಾರ್ಥಿಸುತ್ತಾರೆ, ಯಾರ ಮಕ್ಕಳು ಕ್ವಾಯರ್‌ನಲ್ಲಿ ಮುಂದೆ ನಿಲ್ಲುತ್ತಾರೆ ಎಂದು ಭಾನುವಾರವೂ ಲೆಕ್ಕ ನಡೆಯುತ್ತದೆ.

1891ರ ಸುಮಾರಿಗೆ ರಮಾಬಾಯಿಗೆ ಆ ಲೆಕ್ಕದಿಂದ ಬಿಡುಗಡೆ ಸಿಕ್ಕಿತು. ಇಂಗ್ಲೆಂಡಿನ ಒಬ್ಬ ಪಾದ್ರಿ ತಮ್ಮದೇ ಒಳಗಿನ ಬದಲಾವಣೆಯ ಬಗ್ಗೆ ಬರೆದಿದ್ದ ಪುಸ್ತಕ ಅವರ ಕೈಗೆ ಬಂದಿತ್ತು. ಪಾದ್ರಿಯಾಗಿದ್ದೂ ವರ್ಷಗಟ್ಟಲೆ ನೆಮ್ಮದಿ ಕಾಣದಿದ್ದ ಆ ಮನುಷ್ಯನ ಕತೆ ತನ್ನದೇ ಎನಿಸಿತು. ದೇವರ ಕ್ಷಮೆ ಗಳಿಸಿ ಪಡೆಯುವಂಥದ್ದಲ್ಲ, ಅದು ಕೊಡುಗೆ, ಕೈ ಚಾಚಿ ತೆಗೆದುಕೊಂಡರೆ ಸಾಕು ಎಂದು ಹೊಳೆಯಿತು. ನನ್ನನ್ನು ಪ್ರೀತಿಸಲು ದೇವರು ನನ್ನ ಅಂಕಪಟ್ಟಿ ಕೇಳುವುದಿಲ್ಲ. ಹಾಗಿದ್ದಮೇಲೆ ನಾನು ಯಾರ ಪಕ್ಕ ನಿಂತು ಎತ್ತರ ನೋಡಿಕೊಳ್ಳಬೇಕು? ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ. ಭಾನುವಾರಗಳಲ್ಲಿ ನೂರು ಸಲ ಕೇಳಿದ ಮಾತು. ಅದು ಒಬ್ಬರ ಬದುಕಿನಲ್ಲಿ ಏನು ಮಾಡುತ್ತದೆಂದು ಕಂಡದ್ದು ರಮಾಬಾಯಿಯ ಮುಂದಿನ ಮೂವತ್ತು ವರ್ಷಗಳಲ್ಲಿ.

ಮೊದಲ ಪರೀಕ್ಷೆ ಬೇಗನೆ ಬಂತು. ಸದನದಲ್ಲಿ ಯಾರಿಗೂ ಧರ್ಮದ ಒತ್ತಾಯವಿರಲಿಲ್ಲ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಹಾಕುತ್ತಿರಲಿಲ್ಲ, ಕೆಲವು ಹುಡುಗಿಯರು ತಾವಾಗಿ ಬಂದು ಕೂರುತ್ತಿದ್ದರು. ಇದು ಮತಾಂತರದ ಹುನ್ನಾರವೆಂದು ಪುಣೆಯಲ್ಲಿ ಕೂಗೆದ್ದಿತು. ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ಸಲಹಾ ಮಂಡಳಿಯಲ್ಲಿದ್ದ ನ್ಯಾಯಮೂರ್ತಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಹೊರಬಂದರು. ಎಷ್ಟೋ ಮನೆಯವರು ಹುಡುಗಿಯರನ್ನು ಕರೆದೊಯ್ದರು. ಸ್ವಂತ ಮಕ್ಕಳನ್ನು ನಂಬಿ ಕಳಿಸಿದ್ದ ತಂದೆತಾಯಿಯರ ಆತಂಕವೂ ಸುಳ್ಳಲ್ಲ, ಅದನ್ನು ನಾವು ಹಗುರವಾಗಿ ನೋಡಬಾರದು. ರಮಾಬಾಯಿ ಮಾತ್ರ ಬಾಗಿಲು ಮುಚ್ಚಲಿಲ್ಲ. ಕಲ್ಕತ್ತದಲ್ಲಿ ಬಿರುದು ಕೊಟ್ಟ ಲೋಕವೇ ಈಗ ಬೆನ್ನು ತಿರುಗಿಸಿತ್ತು. ಹತ್ತು ವರ್ಷ ಹಿಂದಾಗಿದ್ದರೆ ಅದು ಅವರನ್ನು ಏನು ಮಾಡುತ್ತಿತ್ತೋ.

ಇನ್ನೊಂದು ಕಡೆ ಚರ್ಚಿನವರನ್ನು ಮೆಚ್ಚಿಸಲೂ ಅವರು ಹೋಗಲಿಲ್ಲ. ವಾಂಟೇಜ್‌ನ ಸನ್ಯಾಸಿನಿಯರ ಜೊತೆ ಸಿದ್ಧಾಂತದ ವಿಷಯದಲ್ಲಿ ಪತ್ರಗಳಲ್ಲೇ ಜಗಳವಾಡಿದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಕ್ರೈಸ್ತಳಾದ ಮೇಲೂ ಸಸ್ಯಾಹಾರ ಬಿಡಲಿಲ್ಲ, ಸೀರೆ ಬಿಡಲಿಲ್ಲ. ಇಂಗ್ಲಿಷರ ಹಾಗೆ ಆಗಿ ತೋರಿಸುವ ಚಟ ಅವರಿಗೆ ಅಂಟಲಿಲ್ಲ. ಬೇರೆ ರಾಜ್ಯ, ಬೇರೆ ದೇಶಗಳಲ್ಲಿ ಕೂತು ಅಲ್ಲಿಯವರಂತೆ ಕಾಣಲು ಹೆಣಗುವ ನಮಗೆ ಇದರಲ್ಲೂ ಒಂದು ಪಾಠವಿದೆ.

ಆ ವರ್ಷಗಳಲ್ಲಿ ಅವರು ಜಾರ್ಜ್ ಮುಲ್ಲರ್, ಹಡ್ಸನ್ ಟೇಲರ್ ಮುಂತಾದವರ ಜೀವನಚರಿತ್ರೆ ಓದಿದರು. ಮುಲ್ಲರ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರ ಹತ್ತಿರವೂ ಚಂದಾ ಕೇಳದೆ, ಪ್ರಾರ್ಥನೆಯನ್ನೇ ನಂಬಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದವರು. ಇಂಥ ಪುಸ್ತಕ ಓದಿದಾಗ ನಮಗೆ ಸಾಮಾನ್ಯವಾಗಿ ಎರಡು ಯೋಚನೆ ಬರುತ್ತವೆ. ಒಂದೋ ನಾವೇನೂ ಅಲ್ಲ ಎಂಬ ಸಂಕಟ, ಇಲ್ಲವೇ ಅವರನ್ನು ಮೀರಿಸಬೇಕೆಂಬ ಹಟ. ರಮಾಬಾಯಿ ಕೇಳಿಕೊಂಡದ್ದು ಬೇರೆ ಪ್ರಶ್ನೆ. ಆ ನೆಲದಲ್ಲಿ ಹಾಗೆ ನಡೆಸಿದ ದೇವರು ಈ ನೆಲದಲ್ಲಿ ಯಾಕೆ ನಡೆಸುವುದಿಲ್ಲ ಎಂದು. ಇನ್ನೊಬ್ಬರ ಸಾಧನೆ ಅವರಿಗೆ ಎದುರಾಳಿಯಾಗಿ ಕಾಣಲಿಲ್ಲ, ಧೈರ್ಯವಾಗಿ ಕಂಡಿತು.

ಉತ್ತರಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. 1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಭೀಕರ ಬರ ಬಂತು. ಹಸಿವು ಏನೆಂದು ರಮಾಬಾಯಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ. ಅಲ್ಲಿಗೆ ಹೋಗಿ ಎಲುಬಿನ ಗೂಡಾಗಿದ್ದ ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ, ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಜಮೀನಿನಲ್ಲಿ ಅವರಿಗೆ ನೆಲೆ ಮಾಡಿದರು. ಅದೇ ಮುಕ್ತಿ ಮಿಷನ್. 1900ರ ಹೊತ್ತಿಗೆ ಗುಜರಾತಿನ ಬರದಿಂದ ಬಂದವರೂ ಸೇರಿ ಅಲ್ಲಿ 1,500 ಮಂದಿ ಇದ್ದರು. ಬಾಸ್ಟನ್ ಸಂಘದ ಹತ್ತು ವರ್ಷದ ಭರವಸೆ ಅಷ್ಟರಲ್ಲಿ ಮುಗಿದಿತ್ತು.

ನೆಮ್ಮದಿ ಎಂದರೆ ಕೈಕಟ್ಟಿ ಕೂರುವುದು, ಮಹತ್ವಾಕಾಂಕ್ಷೆ ಬಿಟ್ಟವನು ಮೂಲೆ ಸೇರುತ್ತಾನೆ ಎಂದು ನಮ್ಮ ಆಫೀಸುಗಳಲ್ಲಿ ನಂಬಿದ್ದೇವೆ. ಕೇಡಗಾಂವ್ ಅದನ್ನು ಸುಳ್ಳಾಗಿಸುತ್ತದೆ. ಅಲ್ಲಿ ಬಾವಿ ತೋಡಿದರು, ಹೊಲ ಉತ್ತರು, ಹಸು ಸಾಕಿದರು. ಹೆಂಗಸರು ಮಗ್ಗ ನಡೆಸಿದರು, ಎಣ್ಣೆ ತೆಗೆದರು, ಅಚ್ಚುಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕಿದರು. ಮನೋರಮಾ ಬ್ರೈಲ್ ಕಲಿತು ಬಂದು ಕಣ್ಣು ಕಾಣದವರಿಗೆ ಓದು ಕಲಿಸಿದರು. ರಮಾಬಾಯಿಯ ಅತಿ ದೊಡ್ಡ ಕೆಲಸಗಳೆಲ್ಲ ಒಳಗಿನ ಕೊರಗು ಇಳಿದ ಮೇಲಿನವು. ಯಾರಿಗೂ ಏನನ್ನೂ ಸಾಬೀತುಪಡಿಸಬೇಕಿಲ್ಲದವರ ಕೈಗೆ ಎಷ್ಟು ಬಿಡುವು ಸಿಗುತ್ತದೆ ನೋಡಿ.

ಕೊನೆಯ ದೊಡ್ಡ ಕೆಲಸ ಬೈಬಲ್ ಅನುವಾದ. ಓದಲು ಬಾರದ ಹಳ್ಳಿ ಹೆಂಗಸಿಗೂ ಕೇಳಿದರೆ ತಿಳಿಯುವ ಸರಳ ಮರಾಠಿಯಲ್ಲಿ ಬೈಬಲ್ ಇರಬೇಕೆಂದು ಅವರ ಆಸೆ. ಅದಕ್ಕಾಗಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ವರ್ಷಗಟ್ಟಲೆ ಅನುವಾದಿಸಿದರು. ಅಚ್ಚಿನ ಕೆಲಸ ಮುಕ್ತಿಯ ಹೆಂಗಸರದೇ. ಪಂಡಿತರ ಸಭೆಯಲ್ಲಿ ಮಿಂಚಿದ ವಿದ್ವತ್ತು ಕೊನೆಗೆ ಅಕ್ಷರ ಬಾರದವರಿಗೆ ಅರ್ಥವಾಗುವ ಮಾತು ಹುಡುಕಲು ಬಳಕೆಯಾಯಿತು.

ನಮ್ಮ ನಾಡಿನ ಜೊತೆಗಿನ ನಂಟೂ ಕೊನೆಯಲ್ಲಿ ಮತ್ತೆ ಬೆಸೆಯಿತು. ಮನೋರಮಾ ಅಂದಿನ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಶಾಲೆ ಶುರುಮಾಡಲು ದುಡಿದರು. ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ನಾನು ಕೆಲವೊಮ್ಮೆ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುತ್ತೇನೆ. ಆ ರೈಲು ವಿಕ್ರೋಳಿಯನ್ನು ನಿಲ್ಲದೆ ದಾಟಿ, ಪುಣೆ ಕಳೆದು ದೌಂಡ್ ತಲುಪುವ ಮುನ್ನ ಕೇಡಗಾಂವ್‌ನ ಮೂಲಕವೇ ಹಾದು, ಕಲಬುರಗಿಗೆ ಹೋಗುತ್ತದೆ. ಮುಂಬೈಯ ಎಷ್ಟೋ ಕನ್ನಡಿಗರು ಕೇಡಗಾಂವ್ ದಾಟುವಾಗ ಫೋನು ನೋಡುತ್ತಿರುತ್ತಾರೆ. ಮುಂದಿನ ಸಲ ಒಮ್ಮೆ ಕಿಟಕಿಯಾಚೆ ನೋಡಿ.

1919ರಲ್ಲಿ ಬ್ರಿಟಿಷ್ ಸರ್ಕಾರ ರಮಾಬಾಯಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಎರಡು ವರ್ಷ ಕಳೆದು, 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ನಲವತ್ತು ವರ್ಷ. ಸಂಸ್ಥೆಯನ್ನು ಮುಂದೆ ನಡೆಸಬೇಕಾಗಿದ್ದ ಒಬ್ಬಳೇ ಮಗಳು. ಬರದಲ್ಲಿ ಅಪ್ಪ ಅಮ್ಮ ಅಕ್ಕ, ಆಮೇಲೆ ಅಣ್ಣ, ಗಂಡ, ಈಗ ಮಗಳು. ಕಿವಿ ಹೆಚ್ಚುಕಡಿಮೆ ಕೇಳದಾಗಿತ್ತು. ಉಳಿದವರ ಬದುಕಿನ ಜೊತೆ ತನ್ನದನ್ನು ಇಟ್ಟು ನೋಡಿ ದೇವರನ್ನು ದೂರಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಅವರು ಅನುವಾದದ ಕೆಲಸಕ್ಕೆ ಮರಳಿದರು. ಒಂಬತ್ತು ತಿಂಗಳೊಳಗೆ ಅವರೂ ಹೋದರು. ಮರಾಠಿ ಬೈಬಲ್ ಅಚ್ಚಾಗಿ ಹೊರಬಂದದ್ದು 1924ರಲ್ಲಿ. ಅದನ್ನು ನೋಡಲು ತಾಯಿಯೂ ಇರಲಿಲ್ಲ, ಮಗಳೂ ಇರಲಿಲ್ಲ.

ದುಃಖವಿಲ್ಲದ ಬದುಕನ್ನು ಅವರ ವಿಶ್ವಾಸ ಅವರಿಗೆ ಕೊಡಲಿಲ್ಲ. ಇನ್ನೊಬ್ಬರಿಗೆ ಸಿಕ್ಕಿದ್ದನ್ನು ನೋಡಿ ಆ ದುಃಖವನ್ನು ಇಮ್ಮಡಿಸಿಕೊಳ್ಳದ ಶಕ್ತಿ ಕೊಟ್ಟಿತು. ನನ್ನಂಥವನಿಗೆ ಬೇಕಾಗಿರುವುದೂ ಅಷ್ಟೇ. ಹೈಕ್ ಬೇಡವೆಂದು ನಾನು ಹೇಳುವುದಿಲ್ಲ. ವಿಕ್ರೋಳಿಯ ಬಾಡಿಗೆ ಕಟ್ಟುವವನು ಹಾಗೆ ಹೇಳಲಾರ. ಮುಂದಿನ ವರ್ಷ ಮ್ಯಾನೇಜರ್ ಮುಂದೆ ಕೂತು ನನ್ನ ಕೆಲಸಕ್ಕೆ ತಕ್ಕದ್ದನ್ನು ಕೇಳಿಯೇ ಕೇಳುತ್ತೇನೆ. ಆದರೆ ಅಲ್ಲಿ ಬರುವ ಅಂಕಿ ನನ್ನ ಸಂಬಳದ ಅಂಕಿ, ನನ್ನ ಬೆಲೆಯಲ್ಲ. ನನ್ನ ಬೆಲೆಯನ್ನು ಕಟ್ಟಿದವನು ಬೇರೆ ಇದ್ದಾನೆ, ಅವನು ಯಾರ ಜೊತೆಗೂ ಇಟ್ಟು ತೂಗುವುದಿಲ್ಲ. ನಿಮ್ಮ ನಂಬಿಕೆ ಬೇರೆಯಾಗಿದ್ದರೆ ಇದೇ ಮಾತನ್ನು ನಿಮ್ಮ ಹಾದಿಯ ಪದಗಳಲ್ಲಿ ಹೇಳಿಕೊಳ್ಳಿ. ಮಾಳದಿಂದ ಹೊರಟ ಈ ಹೆಣ್ಣುಮಗಳ ಬದುಕು ಎಲ್ಲರಿಗೂ ಸೇರಿದ್ದು.